ಕ್ವಿಯರ್ ಕೌಬಾಯ್ ಚಿತ್ರಗಳನ್ನು ನೋಡೋದು ಹೇಗೆ

ಮ್ಯೂಸಿಯಂನಲ್ಲೋ ಫೋನಿನಲ್ಲೋ ಒಂದು ಚಿತ್ರ ಎದುರಾಗುತ್ತದೆ ಅಂದುಕೊಳ್ಳಿ. ಅಗಲ ಅಂಚಿನ ಟೋಪಿ ಹಾಕಿದ ಇಬ್ಬರು ಗಂಡಸರು ಬೇಲಿಗೆ ಒರಗಿ ನಿಂತಿದ್ದಾರೆ, ಸ್ವಲ್ಪ ಜಾಸ್ತಿನೇ ಹತ್ತಿರ. ಹಿಂದೆ ಜೀನು ಬಿಗಿದ ಕುದುರೆ ಇದೆ, ಮೇಲೆ ಯಾರೂ ಇಲ್ಲ. ಮೂಲೆಯಲ್ಲಿ ದನದ ತಲೆಬುರುಡೆ. ಇಂಥ ಚಿತ್ರದ ಮುಂದೆ ಹೆಚ್ಚಿನವರು ಎರಡರಲ್ಲಿ ಒಂದು ಮಾಡುತ್ತಾರೆ. ‘ಓ, ಇವರು ಗೇ, ಅರ್ಥ ಆಯ್ತು’ ಅಂತ ಮುಂದೆ ಹೋಗುತ್ತಾರೆ. ಇಲ್ಲಾಂದ್ರೆ ಬುರುಡೆ ಎಂದರೆ ಸಾವು, ಕುದುರೆ ಎಂದರೆ ಸ್ವಾತಂತ್ರ್ಯ ಅಂತ ಪಟ್ಟಿ ಮಾಡುತ್ತಾ ನಿಲ್ಲುತ್ತಾರೆ. ಹೇಗೆ ಮಾಡಿದರೂ ಚಿತ್ರ ಮಾತ್ರ ನೋಡದೆಯೇ ಉಳಿಯುತ್ತದೆ.

ನೋಡೋಕೆ ಬೇರೆ ದಾರಿ ಇದೆ, ಕಷ್ಟವೇನಲ್ಲ. ಅದಕ್ಕೆ ಮುಂಚೆ ತಲೆಯಿಂದ ಒಂದು ವಿಚಾರ ತೆಗೆದುಹಾಕಿ. ಕೌಬಾಯ್ ಅಂದರೆ ಅಪ್ಪಟ ಗಂಡಸುತನ, ಕ್ವಿಯರ್ ಚಿತ್ರಕಾರರು, ಅಂದರೆ ಗಂಡು-ಹೆಣ್ಣಿನ ಪ್ರೇಮದ ರೂಢಿಯ ಚೌಕಟ್ಟಿಗೆ ಹೊರಗಿನವರು, ಬಂದು ಅದನ್ನು ತಿರುಚಿದರು ಅನ್ನೋ ವಿಚಾರ. ಹಾಗಲ್ಲ. ಸಾವು ಅಲ್ಲಿ ಮೊದಲೇ ಇತ್ತು. ವೇಷವೂ ಇತ್ತು. ಗಂಡಸರ ನಡುವಿನ ಸಲಿಗೆಯೂ ಇತ್ತು. ಈ ಚಿತ್ರಕಾರರು ಅಲ್ಲೇ ಬಿದ್ದಿದ್ದನ್ನು ಎತ್ತಿಕೊಂಡರು, ಅಷ್ಟೇ.

ಮೊದಲು ವರ್ಷ ನೋಡಿ

ಚಿತ್ರದ ಪಕ್ಕದ ಚೀಟಿಯಲ್ಲಿ ಹೆಸರಿಗಿಂತ ಮುಂಚೆ ವರ್ಷ ಓದಿ. ಕೌಬಾಯ್ ಕಸುಬು ಬಾಳಿದ್ದು ಬಹಳ ಕಡಿಮೆ ಕಾಲ, ಅದಕ್ಕೇ ವರ್ಷ ಇಲ್ಲಿ ಇಷ್ಟು ಮುಖ್ಯ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿಯಿತು. ಟೆಕ್ಸಾಸ್‌ನಲ್ಲಿ ಲೆಕ್ಕವಿಲ್ಲದಷ್ಟು ದನಗಳಿದ್ದವು, ಉತ್ತರದ ಊರುಗಳಲ್ಲಿ ಮಾಂಸಕ್ಕೆ ಒಳ್ಳೆ ಬೆಲೆ ಇತ್ತು, ರೈಲು ಕಾನ್ಸಾಸ್‌ವರೆಗೆ ಬಂದಿತ್ತು, ಹಾಗಾಗಿ ಸಾವಿರಾರು ದನಗಳನ್ನು ತಿಂಗಳುಗಟ್ಟಲೆ ಬಯಲಿನಲ್ಲಿ ಹೊಡೆದುಕೊಂಡು ಹೋಗಿ ರೈಲಿಗೆ ಹತ್ತಿಸುವ ಕೂಲಿ ಕೆಲಸಕ್ಕೆ ಹುಡುಗರು ಬೇಕಾದರು. ಅವರೇ ಕೌಬಾಯ್‌ಗಳು. 1874ರಲ್ಲಿ ಜೋಸೆಫ್ ಗ್ಲಿಡನ್ ಎಂಬಾತ ಮುಳ್ಳುತಂತಿಗೆ ಪೇಟೆಂಟ್ ಪಡೆದ. ಬಯಲಿಗೆ ಬೇಲಿ ಬಿತ್ತು. 1886–87ರ ಚಳಿಗಾಲದಲ್ಲಿ ಉತ್ತರದ ಬಯಲಿನ ದನಗಳು ಹಿಮಕ್ಕೆ ಸಿಕ್ಕಿ ರಾಶಿ ರಾಶಿ ಸತ್ತವು. ಅಲ್ಲಿಗೆ ಬಯಲಿನ ದನಗಾಹಿ ಬದುಕು ಮುಗಿದ ಹಾಗೇ. ಒಟ್ಟು ಇಪ್ಪತ್ತು ಚಿಲ್ಲರೆ ವರ್ಷ.

ಆ ಚಳಿಗಾಲದಲ್ಲಿ ಚಾರ್ಲ್ಸ್ ರಸೆಲ್ ಎಂಬ ಹುಡುಗ ಮೊಂಟಾನಾದಲ್ಲಿ ದನ ಕಾಯುತ್ತಿದ್ದ. ದನಗಳ ಸ್ಥಿತಿ ಹೇಗಿದೆ ಅಂತ ಮಾಲೀಕರ ಕಡೆಯಿಂದ ವಿಚಾರಣೆ ಬಂತು. ಉತ್ತರ ಬರೆಯೋ ಬದಲು ಆತ ಪೋಸ್ಟ್‌ಕಾರ್ಡಿನಷ್ಟು ಚಿಕ್ಕ ಜಲವರ್ಣದ ಚಿತ್ರ ಮಾಡಿದ. ಹಿಮದಲ್ಲಿ ಮೂಳೆ ಕಾಣುವ ಒಂದು ದನ, ಸುತ್ತ ಕಾದು ಕೂತ ತೋಳಗಳು. ಅಷ್ಟೇ ವರದಿ. ಮುಂದೆ ಆತ ಪಶ್ಚಿಮ ಅಮೆರಿಕದ ದೊಡ್ಡ ಚಿತ್ರಕಾರನಾದ.

ಇನ್ನೊಬ್ಬ ಫ್ರೆಡ್ರಿಕ್ ರೆಮಿಂಗ್ಟನ್. ನ್ಯೂಯಾರ್ಕ್ ರಾಜ್ಯದವನು. ಕಾನ್ಸಾಸ್‌ಗೆ ಹೋಗಿ ಕುರಿ ಸಾಕಲು ನೋಡಿ ಬೇಗನೇ ಬಿಟ್ಟು ಬಂದವನು. ಆತನ ಸ್ಟುಡಿಯೊ ಇದ್ದದ್ದು ನ್ಯೂಯಾರ್ಕ್ ನಗರದ ಪಕ್ಕದ ನ್ಯೂ ರೊಶೆಲ್‌ನಲ್ಲಿ. ನಾವು ಇವತ್ತು ‘ಕೌಬಾಯ್’ ಅಂದಾಗ ಕಣ್ಣಿಗೆ ಬರುವ ರೂಪದಲ್ಲಿ ಅರ್ಧ ಪಾಲು ಆತನ ಕುಂಚದ್ದು. 1895ರಲ್ಲಿ ಆತ ಬರೆದ ‘ದಿ ಫಾಲ್ ಆಫ್ ದಿ ಕೌಬಾಯ್’ ಚಿತ್ರ ನೋಡಿ. ಬೂದು ಆಕಾಶ, ಹಿಮ. ಇಬ್ಬರು ಕೌಬಾಯ್‌ಗಳು. ಒಬ್ಬ ಕುದುರೆಯಿಂದ ಇಳಿದು ತಂತಿಬೇಲಿಯ ಗೇಟು ತೆಗೆಯುತ್ತಿದ್ದಾನೆ, ಇನ್ನೊಬ್ಬ ಕಾಯುತ್ತಿದ್ದಾನೆ. ಗುಂಡಿಲ್ಲ, ಧೂಳಿಲ್ಲ, ಹೊಡೆದಾಟವಿಲ್ಲ. ಬೇಲಿಯೊಂದೇ ಸಾಕಾಯಿತು.

ಅಂದರೆ ಕೌಬಾಯ್ ಚಿತ್ರ ಹುಟ್ಟಿದ್ದೇ ಸೂತಕದಲ್ಲಿ. ಸಾಯುತ್ತಿದ್ದ, ಇಲ್ಲವೇ ಸತ್ತೇಹೋದ ಕಸುಬಿನ ಬಗ್ಗೆ ಬರೆದ ಚಿತ್ರಗಳಿವು. ಇದು ಗೊತ್ತಿದ್ದರೆ, ನೂರು ವರ್ಷ ಆದಮೇಲೆ ಒಬ್ಬ ಗೇ ಚಿತ್ರಕಾರ ಕೌಬಾಯ್‌ಗಳ ಜೊತೆ ಸಾವನ್ನು ಬರೆದಾಗ ‘ಇದೆಲ್ಲಿಂದ ಬಂತಪ್ಪಾ’ ಅಂತ ಅನ್ನಿಸುವುದಿಲ್ಲ.

ಕ್ವಿಯರ್ ಚಿತ್ರವಾದರೆ ಇನ್ನೆರಡು ವರ್ಷಗಳನ್ನು ನೆನಪಿಡಿ: 1981 ಮತ್ತು 1996. ಏಡ್ಸ್ ಬಗ್ಗೆ ಅಮೆರಿಕದ ಆರೋಗ್ಯ ಇಲಾಖೆಯ ಮೊದಲ ವರದಿ ಬಂದದ್ದು 1981ರ ಜೂನ್ 5ರಂದು. ಹಲವು ಔಷಧಿ ಸೇರಿಸಿ ಕೊಡುವ, ನಿಜವಾಗಿ ಜೀವ ಉಳಿಸುವ ಚಿಕಿತ್ಸೆ ಹಬ್ಬಿದ್ದು 1996ರ ಹೊತ್ತಿಗೆ. ನಡುವಿನ ಹದಿನೈದು ವರ್ಷದಲ್ಲಿ ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊಗಳಲ್ಲಿ ಒಂದು ತಲೆಮಾರಿನ ಗೇ ಗಂಡಸರು ಒಬ್ಬರ ಹಿಂದೆ ಒಬ್ಬರು ಹೋದರು. ಗಟ್ಟಿಮುಟ್ಟಾದ ಮೈಯ ಕೌಬಾಯ್ 1978ರ ಚಿತ್ರದಲ್ಲಿದ್ದರೆ ಒಂದು ಅರ್ಥ, 1990ರಲ್ಲಿ ಬಂದರೆ ಇನ್ನೊಂದು. ಅದೇ ಮೈ, ಅದೇ ಟೋಪಿ ಇರಬಹುದು. ಆದರೂ ಎರಡನೆಯದರಲ್ಲಿ ಆರೋಗ್ಯವೇ ಒಂದು ನೆನಪಾಗಿರುತ್ತದೆ.

ಬಟ್ಟೆಯನ್ನು ವೇಷ ಅಂತಲೇ ನೋಡಿ

ಟೋಪಿ, ಬೂಟು, ತೊಡೆ ಮುಚ್ಚುವ ತೊಗಲಿನ ಚಾಪ್ಸ್, ಕತ್ತಿನ ಕರವಸ್ತ್ರ. ಕೆಲಸದಲ್ಲಿ ಪ್ರತಿಯೊಂದಕ್ಕೂ ಕಾರಣ ಇತ್ತು. ಟೋಪಿ ಬಿಸಿಲಿಗೆ, ಚಾಪ್ಸ್ ಮುಳ್ಳಿಗೆ, ಕರವಸ್ತ್ರ ಧೂಳಿಗೆ. ಕೆಲಸ ಹೋದಮೇಲೆ ಬಟ್ಟೆ ಮಾತ್ರ ಉಳಿಯಿತು. ಮೊದಲು ಸರ್ಕಸ್ಸಿನಂಥ ಪ್ರದರ್ಶನಗಳಿಗೆ, ಆಮೇಲೆ ಸಿನಿಮಾಗೆ, ಆಮೇಲೆ ಜಾಹೀರಾತಿಗೆ ಹೋಯಿತು. ಮಾರ್ಲ್‌ಬರೊ ಸಿಗರೇಟಿನ ಕತೆ ಕೇಳಿ. 1920ರ ದಶಕದಲ್ಲಿ ಅದು ಹೆಂಗಸರ ಸಿಗರೇಟು, ಬಲು ಮೃದು ಅಂತ ಹೇಳಿ ಮಾರುತ್ತಿದ್ದರು. 1950ರ ದಶಕದಲ್ಲಿ ಕಂಪನಿ ಗಿರಾಕಿ ಬದಲಿಸಬೇಕು ಅಂದುಕೊಂಡಿತು. ಜಾಹೀರಾತಿಗೆ ಕೌಬಾಯ್ ಬಂದ, ಸಿಗರೇಟು ಗಂಡಸರದ್ದಾಯಿತು. ಗಂಡಸುತನ ಅನ್ನೋದು ಟೋಪಿ ಬದಲಿಸಿದರೆ ಬರುವ ವಸ್ತು ಅಂತ ಅಲ್ಲೇ ಗೊತ್ತಾಗುತ್ತದೆ, ಅಲ್ವಾ? ಆ ಜಾಹೀರಾತಿನಲ್ಲಿ ಕಾಣಿಸಿಕೊಂಡ ವೇಯ್ನ್ ಮೆಕ್‌ಲಾರೆನ್ 1992ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಈ ವೇಷದ ಗುಟ್ಟನ್ನು ಯಾರಿಗಿಂತಲೂ ಮೊದಲು ಅರ್ಥ ಮಾಡಿಕೊಂಡವರು ಗೇ ಗಂಡಸರು. ಪ್ರತಿದಿನ ಒಂದು ‘ಗಂಡಸಿನ’ ವೇಷ ಹಾಕಿ ಮನೆಯಿಂದ ಹೊರಗೆ ಹೋಗಬೇಕಾದವರಿಗೆ ಇನ್ನೊಬ್ಬರ ವೇಷ ಬೇಗ ಕಾಣುತ್ತದೆ. 1951ರಲ್ಲಿ ಲಾಸ್ ಏಂಜಲೀಸ್‌ನಿಂದ ಬಾಬ್ ಮೈಝರ್ ಒಂದು ಅಂಗಸಾಧನೆಯ ಪತ್ರಿಕೆ ಶುರು ಮಾಡಿದ. ಹೆಸರಿಗೆ ದೇಹದಾರ್ಢ್ಯ. ಓದುಗರು ಯಾರು ಅಂತ ಎಲ್ಲರಿಗೂ ಗೊತ್ತು. ಅದರಲ್ಲಿ ಹುಡುಗರ ತಲೆ ಮೇಲೆ ಕೌಬಾಯ್ ಟೋಪಿ, ಮೈಮೇಲೆ ಉಳಿದದ್ದು ಕಡಿಮೆ. 1970ರ ದಶಕಕ್ಕೆ ಬಂದರೆ ದೊಡ್ಡ ನಗರಗಳಲ್ಲಿ ಗೇ ಗಂಡಸರು ಹಿಂದಿನ ಜೇಬಿನಲ್ಲಿ ಬಣ್ಣದ ಕರವಸ್ತ್ರ ಇಟ್ಟುಕೊಳ್ಳುತ್ತಿದ್ದರು. ಯಾವ ಬಣ್ಣ, ಎಡ ಜೇಬೋ ಬಲ ಜೇಬೋ, ಎಲ್ಲಕ್ಕೂ ಅರ್ಥ ಇತ್ತು. ಹಾಗಾಗಿ ಚಿತ್ರದಲ್ಲಿ ಕರವಸ್ತ್ರ ಕತ್ತಿನಲ್ಲಿದೆಯೋ ಜೇಬಿನಲ್ಲಿದೆಯೋ ಅಂತ ನೋಡೋದು ಹುಚ್ಚಲ್ಲ.

ವೇಷ ನೋಡೋದನ್ನು ಅಭ್ಯಾಸ ಮಾಡೋಕೆ ನನ್ನ ಪ್ರಕಾರ ಅಮೆರಿಕದ ಗೇ ಕಲಾವಿದ ಆಂಡಿ ವಾರ್ಹೋಲ್‌ನ ‘ಡಬಲ್ ಎಲ್ವಿಸ್’ಗಿಂತ ಒಳ್ಳೆ ಚಿತ್ರ ಇಲ್ಲ. 1963ರದ್ದು, ನ್ಯೂಯಾರ್ಕ್‌ನ ಮೋಮಾ ಮ್ಯೂಸಿಯಂನಲ್ಲಿದೆ. ಎರಡು ಮೀಟರ್‌ಗಿಂತ ಎತ್ತರದ ಕ್ಯಾನ್ವಾಸು. ಎಲ್ವಿಸ್ ಪ್ರೆಸ್ಲಿ ನಟಿಸಿದ 1960ರ ಒಂದು ವೆಸ್ಟರ್ನ್, ಅಂದರೆ ಕೌಬಾಯ್ ಕಾಲದ, ಸಿನಿಮಾದ ಪ್ರಚಾರದ ಫೋಟೊವನ್ನು ತೆಗೆದು, ಬೆಳ್ಳಿ ಬಣ್ಣ ಬಳಿದ ಬಟ್ಟೆಯ ಮೇಲೆ ರೇಷ್ಮೆ ಜಾಲರಿಯಿಂದ ಎರಡು ಸಲ ಅಚ್ಚು ಹಾಕಿದ್ದಾನೆ. ಆಳೆತ್ತರದ ಎಲ್ವಿಸ್, ಕಾಲು ಅಗಲಿಸಿ ನಿಂತು ಪಿಸ್ತೂಲನ್ನು ನಿಮ್ಮ ಕಡೆಗೇ ಹಿಡಿದಿದ್ದಾನೆ. ಮೊದಲ ನೋಟಕ್ಕೆ ಗಂಡಸು ಅಂದರೆ ಇವನಪ್ಪಾ ಅನ್ನಿಸುತ್ತದೆ. ಈಗ ನಿಧಾನವಾಗಿ ನೋಡಿ. ಅವನು ದನಗಾಹಿಯಲ್ಲ, ಹಾಡುಗಾರ. ನಿಂತ ಭಂಗಿ ಬಂದೂಕುಗಾರನದ್ದಲ್ಲ, ರೂಪದರ್ಶಿಯದ್ದು. ಹಿಂದೆ ಬಯಲಿಲ್ಲ, ಬೆಳ್ಳಿತೆರೆ ಇದೆ. ಇಬ್ಬರು ಒಂದೇ ತರದ ಗಂಡಸರು ಒಬ್ಬರ ಮೇಲೊಬ್ಬರು ಹಾಯ್ದು ನಿಂತಿದ್ದಾರೆ, ಅಚ್ಚಿನ ಶಾಯಿ ಒಂದು ಕಡೆ ದಟ್ಟ, ಇನ್ನೊಂದು ಕಡೆ ತೆಳು, ಎರಡನೆಯವನು ಮೊದಲನೆಯವನ ದೆವ್ವದ ಹಾಗೆ ಕಾಣುತ್ತಾನೆ. ಆ ಸಿನಿಮಾದಲ್ಲಿ ಎಲ್ವಿಸ್‌ನ ಪಾತ್ರ ಕೊನೆಗೆ ಸಾಯುತ್ತದೆ. ಅದೇ ವರ್ಷ ವಾರ್ಹೋಲ್ ಇದೇ ಅಚ್ಚಿನ ವಿಧಾನದಲ್ಲಿ ಕಾರು ಅಪಘಾತ, ವಿದ್ಯುತ್ ಕುರ್ಚಿಗಳ ಚಿತ್ರಗಳನ್ನೂ ಮಾಡುತ್ತಿದ್ದ.

ಈ ಚಿತ್ರದಲ್ಲಿ ‘ಗೇ’ ಅನ್ನುವಂಥ ಒಂದು ಗುರುತೂ ಇಲ್ಲ ಅನ್ನೋದನ್ನು ಗಮನಿಸಿ. ಒಬ್ಬ ಗಂಡಸು ಇನ್ನೊಬ್ಬ ಗಂಡಸನ್ನು ಬಿಟ್ಟೂಬಿಡದೆ ನೋಡಿದ್ದಾನೆ, ಮತ್ತೆ ಮತ್ತೆ ಅಚ್ಚು ಹಾಕುವಷ್ಟು. ಕ್ವಿಯರ್ ಆಗಿರೋದು ಆ ನೋಟ. 1968ರಲ್ಲಿ ವಾರ್ಹೋಲ್ ಅರಿಜೋನಾಗೆ ಹೋಗಿ ಬಹಿರಂಗವಾಗಿಯೇ ಗೇ ಕೌಬಾಯ್‌ಗಳ ಸಿನಿಮಾ ತೆಗೆದ, ಎಫ್‌ಬಿಐ ಅದರ ಮೇಲೆ ಫೈಲ್ ಇಟ್ಟಿತು. ಅದೇ ವರ್ಷ ಜೂನ್‌ನಲ್ಲಿ ಆತನಿಗೆ ಗುಂಡೇಟು ಬಿತ್ತು, ಬದುಕಿ ಉಳಿದ. ಸಾಯುವ ಹಿಂದಿನ ವರ್ಷ, 1986ರಲ್ಲಿ, ಮತ್ತೆ ಕೌಬಾಯ್‌ಗಳಿಗೇ ವಾಪಸು ಬಂದು ಒಂದು ಪೂರ್ತಿ ಸರಣಿ ಮಾಡಿದ. ಆ ಸರಣಿ ನನಗೆ ಅಷ್ಟು ಹಿಡಿಸುವುದಿಲ್ಲ, ಬಣ್ಣ ಜಾಸ್ತಿ, ಜೀವ ಕಡಿಮೆ.

ಕೈ ಎಲ್ಲಿದೆ, ಕಣ್ಣು ಎಲ್ಲಿದೆ

ಇದು ಮಾಡಿನೋಡುವ ಅಭ್ಯಾಸ. ಒಂದು ಹಳೆಯ ಕೌಬಾಯ್ ಚಿತ್ರ ತೆಗೆದುಕೊಂಡು ಪ್ರತಿಯೊಬ್ಬನ ಕಣ್ಣಿನಿಂದ ಒಂದು ಗೆರೆ ಎಳೆಯಿರಿ, ಮನಸ್ಸಿನಲ್ಲೇ. ರೆಮಿಂಗ್ಟನ್‌ನ ಗಂಡಸರು ಸಾಮಾನ್ಯವಾಗಿ ದೂರ ನೋಡುತ್ತಾರೆ, ಇಲ್ಲವೇ ಶತ್ರುವನ್ನು, ದನವನ್ನು, ನೆಲವನ್ನು. ಒಬ್ಬರನ್ನೊಬ್ಬರು ನೋಡುವುದು ಅಪರೂಪ. ಆಮೇಲೆ ಕೈ ನೋಡಿ. ಲಗಾಮು, ಹಗ್ಗ, ಬಂದೂಕು. ಕೈಗೆ ಸದಾ ಕೆಲಸ. ಈಗ ಕ್ವಿಯರ್ ಚಿತ್ರಕಾರನ ಕೌಬಾಯ್‌ಗಳನ್ನು ನೋಡಿ. ಮೊದಲು ಬದಲಾಗಿರೋದು ಕಣ್ಣಿನ ಗೆರೆ, ಆಮೇಲೆ ಕೈಗೆ ಬಿಡುವು ಸಿಕ್ಕಿರೋದು.

ಡೆಲ್ಮಾಸ್ ಹೌ ಅವರ ಚಿತ್ರಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. 1935ರಲ್ಲಿ ಹುಟ್ಟಿದವರು, ಬೆಳೆದದ್ದು ನ್ಯೂ ಮೆಕ್ಸಿಕೊದ ಒಂದು ಚಿಕ್ಕ ಊರಿನಲ್ಲಿ. ಆ ಊರಿನ ಹೆಸರು ಟ್ರೂತ್ ಆರ್ ಕಾನ್ಸಿಕ್ವೆನ್ಸಸ್. ನಿಜವಾಗಿಯೂ ಅದೇ ಹೆಸರು! ಮುಂಚೆ ಹಾಟ್ ಸ್ಪ್ರಿಂಗ್ಸ್ ಅಂತಿತ್ತು, 1950ರಲ್ಲಿ ಒಂದು ರೇಡಿಯೊ ಕಾರ್ಯಕ್ರಮದ ಸವಾಲು ಒಪ್ಪಿಕೊಂಡು ಕಾರ್ಯಕ್ರಮದ ಹೆಸರನ್ನೇ ಊರಿಗೆ ಇಟ್ಟುಕೊಂಡರು. ಹೌ ನ್ಯೂಯಾರ್ಕ್‌ನಲ್ಲಿ ಕೆಲಕಾಲ ಇದ್ದು ಅಲ್ಲಿಗೇ ಮರಳಿದರು. ಅವರ ‘ರೋಡಿಯೊ ಪ್ಯಾಂಥಿಯನ್’ ಸರಣಿಯಲ್ಲಿ ಗ್ರೀಕ್ ಪುರಾಣದ ದೇವರುಗಳೆಲ್ಲ ರೋಡಿಯೊ ಆಟದ, ಅಂದರೆ ಹೋರಿ ಕುದುರೆಗಳ ಮೇಲೆ ಕೂತು ತಾಕತ್ತು ತೋರಿಸುವ ಸ್ಪರ್ಧೆಯ, ಕೌಬಾಯ್‌ಗಳು. ‘ದಿ ಥ್ರೀ ಗ್ರೇಸಸ್’ ಅನ್ನೋ 1978ರ ಚಿತ್ರ ಅದರಲ್ಲಿ ಹೆಸರಾದದ್ದು. ಯುರೋಪಿನ ಚಿತ್ರಕಾರರು ನೂರಾರು ವರ್ಷ ಮೂವರು ಬೆತ್ತಲೆ ದೇವಿಯರನ್ನು ಬರೆದ ಜಾಗದಲ್ಲಿ ಇಲ್ಲಿ ಮೂವರು ಕೌಬಾಯ್‌ಗಳು. ಹೆಂಗಸಿನ ಮೈಯನ್ನು ಸುಂದರ ಅಂತ ನಿಲ್ಲಿಸಿ ನೋಡುವುದು ‘ಕಲೆ’ ಆಗುವುದಾದರೆ ಗಂಡಸಿನ ಮೈಗೆ ಯಾಕಾಗಬಾರದು ಅಂತ ಕೇಳಿದ ಹಾಗಿದೆ.

ಇದನ್ನು ನೋಡಿ ‘ಕೌಬಾಯ್‌ಗಳು ಹೀಗೆಲ್ಲ ಇರಲಿಲ್ಲ’ ಅನ್ನುವವರು ಸಿಗುತ್ತಾರೆ. ದನದ ಶಿಬಿರಗಳಲ್ಲಿ ಹೆಂಗಸರು ಇಲ್ಲದಾಗ ಗಂಡಸರೇ ಜೋಡಿಯಾಗಿ ಕುಣಿಯುತ್ತಿದ್ದರು, ಹೆಂಗಸಿನ ಪಾತ್ರ ವಹಿಸಿದವನು ತೋಳಿಗೆ ಕರವಸ್ತ್ರ ಕಟ್ಟಿಕೊಳ್ಳುತ್ತಿದ್ದ. ಹಾಗೆ ಕುಣಿಯುವ ಜೋಡಿಗಳ ಹಳೆಯ ಫೋಟೊಗಳೂ ಇವೆ. ಅವರೆಲ್ಲ ಗೇ ಆಗಿದ್ದರು ಅಂತ ಹೇಳೋಕೆ ಬರುವುದಿಲ್ಲ, ಹೇಳಲೂಬಾರದು. ಆದರೆ ಸಲಿಗೆ ಇತ್ತು, ಅದಕ್ಕೆ ಅಂದಿನವರು ಈಗಿನಷ್ಟು ಗಾಬರಿಯಾಗುತ್ತಿರಲಿಲ್ಲ.

ಇದೇ ಎಚ್ಚರಿಕೆ ಚಿತ್ರಕಾರರ ಬಗ್ಗೆಯೂ ಇರಲಿ. ಥಾಮಸ್ ಈಕಿನ್ಸ್ ಫಿಲಡೆಲ್ಫಿಯಾದ ಕಲಾಶಾಲೆಯ ಮೇಷ್ಟ್ರು. ಹೆಣ್ಣುಮಕ್ಕಳಿದ್ದ ತರಗತಿಯಲ್ಲಿ ಗಂಡು ರೂಪದರ್ಶಿಯ ಲಂಗೋಟಿ ತೆಗೆಸಿದ ಅಂತ ಗಲಾಟೆಯಾಗಿ 1886ರಲ್ಲಿ ಕೆಲಸ ಹೋಯಿತು. ಮರುವರ್ಷ ಮನಸ್ಸು ಕೆಟ್ಟು ಡಕೋಟಾದ ಒಂದು ದನದ ರಾಂಚ್‌ಗೆ ಹೋಗಿ ಬೇಸಿಗೆ ಕಳೆದ, ಸುಧಾರಿಸಿಕೊಂಡು ಕುದುರೆಗಳ ಸಮೇತ ಊರಿಗೆ ಬಂದ, ಕೌಬಾಯ್ ಚಿತ್ರಗಳನ್ನು ಬರೆದ. ಅದಕ್ಕೆ ಮುಂಚೆ 1885ರಲ್ಲಿ ಬರೆದದ್ದು ‘ಸ್ವಿಮ್ಮಿಂಗ್’, ಕೆರೆಯ ದಂಡೆಯಲ್ಲಿ ಬೆತ್ತಲೆ ಹುಡುಗರು, ನೀರಿನಲ್ಲಿ ಈಕಿನ್ಸ್ ತಾನೇ. ಆತ ಗೇ ಆಗಿದ್ದನೇ ಅಂತ ವಿದ್ವಾಂಸರು ಇವತ್ತಿಗೂ ಜಗಳವಾಡುತ್ತಾರೆ. ನೀವು ಆ ಜಗಳ ತೀರ್ಮಾನ ಮಾಡಬೇಕಾಗಿಲ್ಲ. ಚಿತ್ರದಲ್ಲಿ ನೋಟ ಎಲ್ಲಿ ನಿಲ್ಲುತ್ತದೆ ಅಂತ ಹೇಳಿದರೆ ಸಾಕು.

ಸಾವು ಬುರುಡೆಯಲ್ಲಿ ಮಾತ್ರ ಇರುವುದಿಲ್ಲ

ಬುರುಡೆ ಸುಲಭ. ಅದನ್ನು ಎಲ್ಲರೂ ಹಾಕುತ್ತಾರೆ, ಹೋಟೆಲಿನ ಗೋಡೆ ಮೇಲೂ ಇರುತ್ತದೆ. ನಿಜವಾಗಿ ಹುಡುಕಬೇಕಾದದ್ದು ಏನು ಇಲ್ಲ ಅನ್ನೋದನ್ನು.

ಸವಾರನಿಲ್ಲದ ಕುದುರೆ ತೆಗೆದುಕೊಳ್ಳಿ. ಅಮೆರಿಕದ ಸೇನೆಯ ದೊಡ್ಡವರ ಶವಯಾತ್ರೆಯಲ್ಲಿ ಜೀನು ಬಿಗಿದ ಖಾಲಿ ಕುದುರೆಯನ್ನು ನಡೆಸಿಕೊಂಡು ಹೋಗುತ್ತಾರೆ, ರಿಕಾಪಿನಲ್ಲಿ ಬೂಟುಗಳನ್ನು ಹಿಂದುಮುಂದಾಗಿ ಸಿಕ್ಕಿಸಿರುತ್ತಾರೆ. 1963ರಲ್ಲಿ ಅಧ್ಯಕ್ಷ ಕೆನಡಿಯ ಶವಯಾತ್ರೆಯಲ್ಲೂ ಹಾಗೇ ಮಾಡಿದರು. ಈ ಪದ್ಧತಿ ಗೇ ರೋಡಿಯೊಗೂ ಬಂತು. ಮೊದಲ ಗೇ ರೋಡಿಯೊವನ್ನು ಫಿಲ್ ರಾಗ್ಸ್‌ಡೇಲ್ 1976ರಲ್ಲಿ ನೆವಾಡಾದ ರೀನೊದಲ್ಲಿ ನಡೆಸಿದರು, 1985ರಲ್ಲಿ ಅಂತರರಾಷ್ಟ್ರೀಯ ಸಂಘವೇ ಆಯಿತು. ಹೋರಿ ಸವಾರಿಯ ಜೊತೆ ಮೇಕೆಗೆ ಚಡ್ಡಿ ತೊಡಿಸುವ ಸ್ಪರ್ಧೆಯೂ ಇರುತ್ತದೆ, ನಗು ಇಲ್ಲದ ಕ್ವಿಯರ್ ಕೂಟ ಎಲ್ಲಿದೆ ಹೇಳಿ. ಆದರೆ ಅದೇ ಅಖಾಡದಲ್ಲಿ, ಆಟದ ನಡುವೆ, ತೀರಿಕೊಂಡವರ ನೆನಪಿಗೆ ಖಾಲಿ ಕುದುರೆಯನ್ನು ಸುತ್ತು ಹಾಕಿಸುತ್ತಾರೆ. ಏಡ್ಸ್ ಕಾಲದಲ್ಲಿ ಯಾರ್ಯಾರ ಹೆಸರು ನೆನೆದಿರಬಹುದು ಅಂತ ಯೋಚಿಸಿ. ಹಾಗಾಗಿ ಮೇಲೆ ಹೇಳಿದ ಬೇಲಿ ಪಕ್ಕದ ಜೋಡಿಯ ಹಿಂದೆ ಖಾಲಿ ಕುದುರೆ ಇದ್ದರೆ, ಇಬ್ಬರು ಗಂಡಸರು, ಒಂದೇ ಕುದುರೆ, ಮೂರನೆಯವನು ಯಾರು ಅಂತ ಕೇಳಿಕೊಳ್ಳಿ.

ಗುಟ್ಟಾಗಿ ಅಳುವುದನ್ನು ಓದೋಕೆ ಕಲಿಯಬೇಕಾದರೆ ಕೌಬಾಯ್ ಇಲ್ಲದ ಒಂದು ಚಿತ್ರಕ್ಕೆ ಹೋಗಬೇಕು. ಅಮೆರಿಕದ ಚಿತ್ರಕಾರ ಮಾರ್ಸ್ಡನ್ ಹಾರ್ಟ್ಲಿ ಬರೆದ ‘ಪೋರ್ಟ್ರೇಟ್ ಆಫ್ ಎ ಜರ್ಮನ್ ಆಫೀಸರ್’, 1914, ನ್ಯೂಯಾರ್ಕ್‌ನ ಮೆಟ್ ಮ್ಯೂಸಿಯಂನಲ್ಲಿದೆ. ಹಾರ್ಟ್ಲಿ ಮನಸ್ಸು ಕೊಟ್ಟಿದ್ದ ಕಾರ್ಲ್ ಫಾನ್ ಫ್ರೈಬುರ್ಗ್ ಎಂಬ ಜರ್ಮನ್ ಸೇನಾಧಿಕಾರಿ ಆ ವರ್ಷ ಅಕ್ಟೋಬರ್‌ನಲ್ಲಿ ಯುದ್ಧದಲ್ಲಿ ಸತ್ತ. ಚಿತ್ರಕ್ಕೆ ಭಾವಚಿತ್ರ ಅಂತ ಹೆಸರು, ಆದರೆ ಮುಖವೇ ಇಲ್ಲ. ಬಾವುಟ, ಪದಕ, ಶಿಲುಬೆ, ಸಮವಸ್ತ್ರದ ಚೂರುಗಳು, ಸತ್ತವನ ಹೆಸರಿನ ಮೊದಲಕ್ಷರಗಳು, 24 ಅನ್ನೋ ಅಂಕಿ. ಅದು ಅವನ ವಯಸ್ಸು. ಗೆಳೆಯ ಅಂತಲೂ ಅಳುವ ಹಕ್ಕಿಲ್ಲದ ಕಾಲದಲ್ಲಿ ಮನುಷ್ಯನನ್ನು ಅವನ ಬಟ್ಟೆಬರೆಯಿಂದಲೇ ಕಟ್ಟಿದ್ದಾನೆ. ಈ ಚಿತ್ರ ನೋಡಿದ ಮೇಲೆ, ಖಾಲಿ ಬೂಟು, ಮೊಳೆಗೆ ನೇತುಹಾಕಿದ ಟೋಪಿ, ಮಡಚಿಟ್ಟ ಹಗ್ಗ ಇರುವ ಯಾವುದೇ ಕೌಬಾಯ್ ಚಿತ್ರ ಬೇರೆ ತರ ಕಾಣುತ್ತದೆ.

ಕೆಲವು ಚಿತ್ರಗಳನ್ನು ನಮ್ಮ ವೀರಗಲ್ಲು ಓದುವ ಹಾಗೆ ಓದಬೇಕು. ತುರುಗೋಳಿನಲ್ಲಿ, ಅಂದರೆ ದನಕ್ಕಾಗಿ ನಡೆದ ಹೋರಾಟದಲ್ಲಿ, ಸತ್ತವನಿಗೆ ನೆಟ್ಟ ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತೇವಲ್ಲ, ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರ. ಹೌ ಅವರ ‘ಸ್ಟೇಷನ್ಸ್: ಎ ಗೇ ಪ್ಯಾಶನ್’ ಸರಣಿಗೂ ಇಂಥ ಕಟ್ಟಿದ ಕ್ರಮ ಇದೆ. ಕ್ರಿಸ್ತ ಶಿಲುಬೆ ಹೊತ್ತು ನಡೆದ ದಾರಿಯ ಹದಿನಾಲ್ಕು ನಿಲುಗಡೆಗಳನ್ನು ಚರ್ಚಿನ ಗೋಡೆಗಳಲ್ಲಿ ಹಾಕಿರುತ್ತಾರೆ, ಭಕ್ತರು ಒಂದೊಂದರ ಮುಂದೆ ನಿಂತು ಮುಂದೆ ಹೋಗುತ್ತಾರೆ. ಹೌ ಆ ದಾರಿಯನ್ನು ನ್ಯೂಯಾರ್ಕ್‌ನ ಪಾಳುಬಿದ್ದ ಹಡಗುಕಟ್ಟೆಗಳಿಗೆ ತಂದರು. ಗೇ ಗಂಡಸರು ಸೇರುತ್ತಿದ್ದ ಜಾಗ ಅದು, ಸರಣಿ ಬಂದದ್ದು ಏಡ್ಸ್‌ನ ನೋವಿನಿಂದ. ಇಲ್ಲಿ ಕೌಬಾಯ್‌ಗಿಂತ ನಗರ ಜಾಸ್ತಿ. ಆದರೆ ರೋಡಿಯೊ ದೇವರುಗಳನ್ನು ನೋಡಿ ಆಮೇಲೆ ಇದನ್ನು ನೋಡಿದರೆ ಅದೇ ಮೈಗಳು ಬೀಳುತ್ತಿವೆ, ಅದೇ ಕೈಗಳು ಹೊರುತ್ತಿವೆ. ನನ್ನ ಲೆಕ್ಕದಲ್ಲಿ ರೋಡಿಯೊ ಚಿತ್ರಗಳು ಸ್ವಲ್ಪ ಹೆಚ್ಚೇ ಚೆಂದ, ಮೈಗೆ ಎಣ್ಣೆ ಹಚ್ಚಿದ ಚೆಂದ. ತೂಕ ಇರೋದು ಈ ಸರಣಿಯಲ್ಲಿ. ಬಿಡಿಬಿಡಿಯಾಗಿ ಒಂದು ಚಿತ್ರ ನೋಡಿ ಬಿಡಬೇಡಿ, ಸಾಲಾಗಿ ನೋಡಿ.

ಕೌಬಾಯ್ ಮನುಷ್ಯನೇ ಇಲ್ಲದೆ ಪಶ್ಚಿಮದ ಬಯಲನ್ನೇ ಸಾವಿಗೆ ಬಳಸಿದವನು ನ್ಯೂಯಾರ್ಕ್‌ನ ಕಲಾವಿದ ಡೇವಿಡ್ ವೊಯ್ನರೊವಿಚ್. ಇದು ಫೋಟೊ, ಪೇಂಟಿಂಗ್ ಅಲ್ಲ, ಆದರೂ ಬಿಡಲಾಗುವುದಿಲ್ಲ. ವಾಷಿಂಗ್ಟನ್‌ನ ಒಂದು ಮ್ಯೂಸಿಯಂನಲ್ಲಿ ಕಾಡೆಮ್ಮೆಗಳನ್ನು ಬಂಡೆಯಂಚಿಗೆ ಅಟ್ಟಿ ಬೀಳಿಸುವ ಬೇಟೆಯ ಗೊಂಬೆದೃಶ್ಯ ಇತ್ತು. ಆತ ಅದರ ಒಂದು ಭಾಗವನ್ನಷ್ಟೇ ಚೌಕಟ್ಟಿಗೆ ತಂದ, ಬೀಳುತ್ತಿರುವ ಎಮ್ಮೆಗಳು, ಕೆಳಗೆ ನೆಲ ಕಾಣುವುದಿಲ್ಲ. 1988ರಲ್ಲಿ ತನಗೆ ಎಚ್‌ಐವಿ ಇದೆ ಅಂತ ತಿಳಿದಿತ್ತು. 1992ರ ಜುಲೈನಲ್ಲಿ ತೀರಿಕೊಂಡ, 37 ವರ್ಷ. ಎಮ್ಮೆಗಳನ್ನು ಯಾರು ಅಟ್ಟಿದರು ಅನ್ನೋದು ಚಿತ್ರದ ಹೊರಗಿದೆ. ಆತನ ಸಿಟ್ಟು ಪೂರ್ತಿ ಅಲ್ಲಿದೆ. ಸರ್ಕಾರದ ಮೇಲೆ, ಸುಮ್ಮನಿದ್ದವರ ಮೇಲೆ.

ಆ ನೆಲ ಯಾರದು ಅಂತಲೂ ಕೇಳಿ

ಎಷ್ಟು ಕ್ವಿಯರ್ ಆಗಿದ್ದರೂ ಕೌಬಾಯ್ ಚಿತ್ರದಲ್ಲಿ ಒಂದು ಮರೆವು ಉಳಿದುಬಿಡುತ್ತದೆ. ಕೌಬಾಯ್‌ಗಳೆಲ್ಲ ಬಿಳಿಯರಾಗಿರಲಿಲ್ಲ. ಕಸುಬು ಕಲಿಸಿದ್ದೇ ಮೆಕ್ಸಿಕೊದ ದನಗಾಹಿಗಳಾದ ವಕೇರೊಗಳು, ಕರಿಯರೂ ಬಹಳ ಜನ ಇದ್ದರು. ಬಯಲು ಖಾಲಿಯೂ ಇರಲಿಲ್ಲ, ಮೂಲನಿವಾಸಿಗಳದ್ದು. ಚಿತ್ರದಲ್ಲಿ ಆಕಾಶ ದೊಡ್ಡದಾಗಿ, ನೆಲ ಖಾಲಿಯಾಗಿ ಕಂಡರೆ ಖಾಲಿ ಮಾಡಿಸಿದ್ದು ಯಾರು ಅಂತ ಒಂದು ಸಲ ಕೇಳಿ.

ಇದಕ್ಕೆ ಬಣ್ಣದಲ್ಲೇ ಉತ್ತರ ಕೊಟ್ಟವರು ಕೆಂಟ್ ಮಾಂಕ್‌ಮನ್, ಕೆನಡಾದ ಕ್ರೀ ಜನಾಂಗದವರು. 1830ರ ದಶಕದಲ್ಲಿ ಜಾರ್ಜ್ ಕ್ಯಾಟ್ಲಿನ್ ಎಂಬ ಚಿತ್ರಕಾರ ಮೂಲನಿವಾಸಿಗಳ ಒಂದು ಕುಣಿತದ ಚಿತ್ರ ಬರೆದಿದ್ದ. ನಡುವೆ ಹೆಣ್ಣಿನ ಉಡುಪಿನ ಗಂಡಸು, ಸುತ್ತ ಯೋಧರು. ಇಂಥ ಪದ್ಧತಿ ಅಳಿದುಹೋಗಲಿ ಅಂತ ಕ್ಯಾಟ್ಲಿನ್ ಬರೆದೂ ಇಟ್ಟ. ಮಾಂಕ್‌ಮನ್ ಅದೇ ಕಾಲದ ಶೈಲಿಯಲ್ಲಿ, ಅದೇ ಭವ್ಯ ಬೆಟ್ಟ ಕಣಿವೆಗಳನ್ನು ಬರೆದು, ನಡುವೆ ಮಿಸ್ ಚೀಫ್ ಎಂಬ ಪಾತ್ರವನ್ನು ನಿಲ್ಲಿಸುತ್ತಾರೆ. ಎತ್ತರ ಹಿಮ್ಮಡಿಯ ಚಪ್ಪಲಿ, ಉದ್ದ ಕೂದಲು, ಗಂಡೂ ಹೆಣ್ಣೂ ಆದ ಮೈ. ಈಗ ನೋಡಿಸಿಕೊಳ್ಳುವ ಸರದಿ ಬಿಳಿ ಕೌಬಾಯ್‌ಗಳದ್ದು. ಮೊದಲು ನಗು ಬರುತ್ತದೆ. ಆಮೇಲೆ 2017ರ ‘ದಿ ಸ್ಕ್ರೀಮ್’ ನೋಡಿ, ಪೊಲೀಸರೂ ಪಾದ್ರಿಗಳೂ ಮೂಲನಿವಾಸಿಗಳ ಮಕ್ಕಳನ್ನು ತಾಯಂದಿರ ಕೈಯಿಂದ ಕಿತ್ತುಕೊಂಡು ಹೋಗುತ್ತಿರುವ ಚಿತ್ರ. ಅಲ್ಲಿ ನಗು ಇಲ್ಲ. ಎರಡನ್ನೂ ಬರೆದದ್ದು ಒಂದೇ ಕೈ ಅಂತ ನೆನಪಿಟ್ಟುಕೊಂಡು ವಾಪಸು ಮೊದಲಿನದಕ್ಕೆ ಹೋಗಿ.

ಮೆಕ್ಸಿಕೊದಲ್ಲಿ ಫಾಬಿಯಾನ್ ಚೈರೆಸ್ 2014ರಲ್ಲಿ ‘ಲಾ ರೆವಲೂಸಿಯೋನ್’ ಬರೆದರು. ರೈತರ ಕ್ರಾಂತಿಯ ನಾಯಕ, ಕುದುರೆ ಪಳಗಿಸುವುದರಲ್ಲಿ ನಿಪುಣ ಎಮಿಲಿಯಾನೊ ಝಪಾಟಾ ಬೆತ್ತಲೆಯಾಗಿ ಕುದುರೆ ಮೇಲೆ. ತಲೆಗೆ ಗುಲಾಬಿ ಬಣ್ಣದ ಟೋಪಿ, ಕಾಲಿಗೆ ಹಿಮ್ಮಡಿಯೇ ಪಿಸ್ತೂಲಾದ ಚಪ್ಪಲಿ. ಝಪಾಟಾನನ್ನು ಹೊಂಚುಹಾಕಿ ಕೊಂದದ್ದು 1919ರಲ್ಲಿ. ನೂರು ವರ್ಷದ ನೆನಪಿಗೆ 2019ರಲ್ಲಿ ಮೆಕ್ಸಿಕೊ ಸಿಟಿಯ ಬೆಯಾಸ್ ಆರ್ಟೆಸ್ ಅರಮನೆಯಲ್ಲಿ ಪ್ರದರ್ಶನ ನಡೆದಾಗ ಈ ಚಿತ್ರ ತೆಗೆಯಿರಿ ಅಂತ ರೈತ ಸಂಘಟನೆಯವರು ಒಳಗೆ ನುಗ್ಗಿದರು, ಹೊಡೆದಾಟವೂ ಆಯಿತು. ಚಿತ್ರ ಉಳಿಯಿತು, ಪಕ್ಕದಲ್ಲಿ ಕುಟುಂಬದ ವಿರೋಧ ತಿಳಿಸುವ ಚೀಟಿ ಬಂತು. ಸತ್ತ ಗಂಡಸು ಯಾರ ಆಸ್ತಿ ಅನ್ನೋ ಜಗಳ ಅದು. ಆ ಚೀಟಿಯನ್ನೂ ಚಿತ್ರದ ಭಾಗ ಅಂತಲೇ ಓದಬೇಕು ಅಂತ ನನಗನ್ನಿಸುತ್ತದೆ.

ನೀವೇ ಬರೆಯೋದಾದರೆ

ಇಂಥ ಚಿತ್ರ ಬರೆಯೋ ಆಸೆ ಇದ್ದರೆ ಬುರುಡೆ, ಕಾಮನಬಿಲ್ಲಿನ ಬಾವುಟ, ಸೂರ್ಯಾಸ್ತ ಮೂರನ್ನೂ ಮೊದಲು ಪಕ್ಕಕ್ಕಿಡಿ. ಆ ಮೂರೂ ನಿಮ್ಮ ಬದಲು ತಾವೇ ಮಾತಾಡಿಬಿಡುತ್ತವೆ. ಟೋಪಿಯ ಅಂಚಿನ ನೆರಳು ಮುಖದ ಮೇಲೆ ಎಲ್ಲಿವರೆಗೆ ಬರಬೇಕು ಅನ್ನೋದರಿಂದ ಶುರು ಮಾಡಿ. ಕಣ್ಣು ಮುಚ್ಚಿದರೆ ಒಂದು ಮನುಷ್ಯ, ತುಟಿವರೆಗೆ ಬಂದರೆ ಇನ್ನೊಂದು. ಪೆನ್ಸಿಲ್‌ನಲ್ಲಿ ನಾಲ್ಕೈದು ಸಲ ಮಾಡಿ ನೋಡಿ. ಇಬ್ಬರಿದ್ದರೆ ನಡುವಿನ ಜಾಗಕ್ಕೆ ಬೇರೆಯೇ ಬಣ್ಣ ಕಲಸಿ, ಉಳಿದ ಹಿನ್ನೆಲೆ ಬಣ್ಣವನ್ನೇ ಅಲ್ಲಿಗೂ ಎಳೆಯಬೇಡಿ. ಆ ಜಾಗವೇ ಚಿತ್ರ. ನೀವು ಕಂಡ ಗಂಡಸರನ್ನೇ ಬರೆಯಿರಿ. ಅಮೆರಿಕದ ಬಯಲನ್ನು ಫೋಟೊ ನೋಡಿ ಬರೆದರೆ ನೀವೂ ರೆಮಿಂಗ್ಟನ್ ಮಾಡಿದ್ದನ್ನೇ ಮಾಡಿದ ಹಾಗೆ, ಅದು ತಪ್ಪಲ್ಲ, ಗೊತ್ತಿದ್ದು ಮಾಡಿ.

ಪರದೆಯಲ್ಲಿ ನೋಡುವವರು ಅಳತೆ ಓದೋದನ್ನು ಮರೆಯಬೇಡಿ. ರಸೆಲ್‌ನ ಪೋಸ್ಟ್‌ಕಾರ್ಡೂ ವಾರ್ಹೋಲ್‌ನ ಆಳೆತ್ತರದ ಎಲ್ವಿಸೂ ಫೋನಿನಲ್ಲಿ ಒಂದೇ ಗಾತ್ರ. ಗೋಡೆಯ ಮೇಲೆ ಟೇಪು ಹಚ್ಚಿ ನಿಜವಾದ ಅಳತೆ ಗುರುತು ಮಾಡಿ ನೋಡಿ, ಎಲ್ವಿಸ್ ನಿಮಗಿಂತ ಎತ್ತರ ಬರುತ್ತಾನೆ.

ಡಲ್ಲಾಸ್ ಕಡೆ ಇರುವ ಕನ್ನಡದವರಿಗೆ, ಇಲ್ಲವೇ ಅಲ್ಲಿ ಮಗನ ಮನೆಗೋ ಮಗಳ ಮನೆಗೋ ಹೋಗಿ ಬೇಸರಪಟ್ಟುಕೊಂಡು ಕೂತಿರುವ ಅಪ್ಪ ಅಮ್ಮಂದಿರಿಗೆ ಒಂದು ಅನುಕೂಲ ಇದೆ. ಫೋರ್ಟ್ ವರ್ತ್‌ನ ಆಮನ್ ಕಾರ್ಟರ್ ಮ್ಯೂಸಿಯಂಗೆ ಪ್ರವೇಶ ಪುಕ್ಕಟೆ. ರೆಮಿಂಗ್ಟನ್‌ನ ಬೇಲಿಯ ಚಿತ್ರವೂ ಈಕಿನ್ಸ್‌ನ ‘ಸ್ವಿಮ್ಮಿಂಗ್’ ಕೂಡ ಅದೇ ಮ್ಯೂಸಿಯಂನವು. ಹೋಗುವ ಮುಂಚೆ ಎರಡೂ ಗೋಡೆ ಮೇಲಿವೆಯೇ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ, ಕೆಲವೊಮ್ಮೆ ಬೇರೆ ಊರಿಗೆ ಕಳಿಸಿರುತ್ತಾರೆ. ಮೊದಲು ಈಕಿನ್ಸ್ ನೋಡಿ, ಆಮೇಲೆ ರೆಮಿಂಗ್ಟನ್. ಸೋಮವಾರ ಹೋಗಬೇಡಿ, ಬಾಗಿಲು ಹಾಕಿರುತ್ತದೆ.